ಹುಲಿಕೆರೆಯಿಂದ ಜಕ್ಕೂರಿಗೆ

ಹಳೇಬೀಡಿಗೆ ಬಂದವರು ಸಮಯವಿದ್ದರೆ ಹುಲಿಕೆರೆಯ ಕಲ್ಯಾಣಿಯನ್ನೂ ನೋಡಿ ಹೋಗುತ್ತಾರೆ. ಇಲ್ಲಿಗೆ ಹತ್ತಿರದ ಜಾವಗಲ್ ಸೀಮೆಯಲ್ಲೇ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೇನೆ ಬಿಟ್ಟು ಬಂದು ಬೇಸಾಯಕ್ಕೆ ಇಳಿದದ್ದು, ರೇಷ್ಮೆ ಬೆಳೆದದ್ದು. 2003ರಲ್ಲಿ ಅವರ ಅಗ್ಗದ ದರದ ವಿಮಾನ ಸಂಸ್ಥೆ ಏರ್ ಡೆಕ್ಕನ್ ಹಾರಿತು. ಬಸ್ಸು, ರೈಲು ಬಿಟ್ಟು ಬೇರೆ ಕಾಣದ ಎಷ್ಟೋ ಕುಟುಂಬಗಳು ಮೊದಲ ಸಲ ವಿಮಾನ ಹತ್ತಿದವು. ಇಂಥ ಊರಿನ ಮಗುವೊಂದು ‘ನಾನು ವಿಮಾನ ಓಡಿಸಬೇಕು’ ಎಂದರೆ ಅದನ್ನು ನಕ್ಕು ತಳ್ಳಿಹಾಕುವ ಕಾಲ ಹೋಗಿದೆ. ಆದರೆ ದಾರಿ ತಿಳಿದಿರಬೇಕು.

ಪಿಯುಸಿಯಲ್ಲಿ ಭೌತವಿಜ್ಞಾನ ಮತ್ತು ಗಣಿತ ಬೇಕು. ಕಲೆ, ವಾಣಿಜ್ಯ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಪಾಸು ಮಾಡಿಕೊಳ್ಳಬಹುದು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ಹವಾಮಾನ, ನ್ಯಾವಿಗೇಷನ್, ವಾಯುಯಾನ ನಿಯಮ ಮುಂತಾದ ವಿಷಯಗಳಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ನಡೆಸುವ ಪರೀಕ್ಷೆಗಳಲ್ಲಿ ನೂರಕ್ಕೆ 70 ಅಂಕ ಬರಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತಕ್ಕಿಂತ ರೇಡಿಯೊದಲ್ಲಿ ಆಡುವ ಇಂಗ್ಲಿಷ್ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಆದರೆ ಅಲ್ಲಿ ಬಳಸುವುದು ಗೊತ್ತುಪಡಿಸಿದ ಚಿಕ್ಕ ವಾಕ್ಯಗಳನ್ನು. ಅಭ್ಯಾಸದಿಂದ ಖಂಡಿತ ಬರುತ್ತದೆ.

ಎಲ್ಲಕ್ಕಿಂತ ಮೊದಲು ವೈದ್ಯಕೀಯ ಪರೀಕ್ಷೆ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ಮೊದಲು ಸಾಲ, ಆಮೇಲೆ ಡಾಕ್ಟರು. ಕನ್ನಡಕ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಬಣ್ಣ ಗುರುತಿಸಲು ಬಾರದಿದ್ದರೆ ಮಾತ್ರ ಕಷ್ಟ. ಎರಡನೇ ದರ್ಜೆಯ ಪರೀಕ್ಷೆ ಆದ ಮೇಲೆ ಬರುವ ಮೊದಲ ದರ್ಜೆಯ ಪರೀಕ್ಷೆಯನ್ನು ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೂ ಮಾಡುತ್ತಾರೆ.

ಶಾಲೆಯ ಆಯ್ಕೆ ಆಮೇಲಿನದು. ನಮ್ಮ ರಾಜ್ಯದಲ್ಲಿ ಹಳೆಯ ಹೆಸರು ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯದು. ಕಲಬುರಗಿ, ಬೆಳಗಾವಿಯ ವಿಮಾನ ನಿಲ್ದಾಣಗಳಲ್ಲೂ ಖಾಸಗಿ ತರಬೇತಿಗೆ ಜಾಗ ಕೊಡಲಾಗಿದೆ. ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು.

ತರಬೇತಿ ಹೇಗಿರುತ್ತದೆ ಎಂಬುದಕ್ಕೆ ಒಂದು ನೋಟ: ಹಾರುವ ಮುನ್ನ ವಿದ್ಯಾರ್ಥಿ ಸೆಸ್ನಾ ವಿಮಾನದ ರೆಕ್ಕೆಯ ಕೆಳಗೆ ಬಗ್ಗಿ ಟ್ಯಾಂಕಿನಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ಇಳಿಸುತ್ತಾನೆ. ಬೆಳಕಿಗೆ ಹಿಡಿದು ನೋಡುತ್ತಾನೆ. ತಿಳಿ ನೀಲಿ ಬಣ್ಣ ಇರಬೇಕು, ತಳದಲ್ಲಿ ನೀರಿನ ಹನಿ ಕೂತಿರಬಾರದು. ಆಮೇಲೆ ಎಂಜಿನ್ ಎಣ್ಣೆ, ಟೈರು, ರೆಕ್ಕೆಯ ಕೀಲುಗಳು. ದಿನವೂ ಇದೇ, ಹಾರುವ ಪ್ರತಿ ಸಲವೂ ಇದೇ. ಈ ತಾಳ್ಮೆ ಉಳ್ಳವರಿಗೇ ಈ ಕೆಲಸ.

ಬೇಗ ಲೈಸೆನ್ಸ್ ಸಿಗುತ್ತದೋ ಇಲ್ಲವೋ ಎಂಬುದು ಜಾಹೀರಾತಿನಿಂದ ಗೊತ್ತಾಗುವುದಿಲ್ಲ. ಕೆಲಸ ಮಾಡುವ ಸ್ಥಿತಿಯಲ್ಲಿರುವ ವಿಮಾನಗಳು ಎಷ್ಟು, ಬೋಧಕರು ಎಷ್ಟು, ವಿದ್ಯಾರ್ಥಿಗಳು ಎಷ್ಟು? ಹಳೆಯ ವಿದ್ಯಾರ್ಥಿಗಳಿಗೆ 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು? ಮೋಡ ಕವಿದರೆ, ದೂರದ ನೋಟ ಕಡಿಮೆಯಾದರೆ ಕಲಿಯುವವರು ಹಾರುವಂತಿಲ್ಲ; ನಮ್ಮ ಮಲೆನಾಡ ಅಂಚಿನ ಮಳೆಗಾಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲಬುರಗಿಯಂಥ ಒಣ ಹವೆಯ ಊರಿನ ಲಾಭ ಅದೇ.

ಖರ್ಚು ಅರ್ಧ ಕೋಟಿಗೂ ಮೇಲೆ ಹೋಗುತ್ತದೆ. ಏರ್‌ಬಸ್ 320 ಥರದ ವಿಮಾನದ ಟೈಪ್ ರೇಟಿಂಗ್‌ಗೆ, ಅಂದರೆ ಆ ಮಾದರಿಯನ್ನು ಓಡಿಸುವ ಅರ್ಹತೆಗೆ, ಬೇರೆ ಹಣ. ಹಾಗಾಗಿ ಹಣವಿಲ್ಲದ ಮನೆಯ ಮಕ್ಕಳಿಗೆ ನಾನು ಮೊದಲು ಹೇಳುವುದು ವಾಯುಪಡೆಯ ದಾರಿಯನ್ನು. ಪಿಯುಸಿ ಮುಗಿಯುತ್ತಿದ್ದಂತೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ, ಪದವಿಯ ನಂತರ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಸಿಎಟಿ. ಹೆಣ್ಣುಮಕ್ಕಳಿಗೂ ಎರಡೂ ತೆರೆದಿವೆ. ತರಬೇತಿಯ ವೆಚ್ಚ ಸರ್ಕಾರದ್ದು. ನಮ್ಮದೇ ಬೀದರ್‌ನಲ್ಲಿ ಯುದ್ಧವಿಮಾನದ ಪೈಲಟ್‌ಗಳು ಹಾಕ್ ಜೆಟ್‌ಗಳ ಮೇಲೆ ಪಳಗುತ್ತಾರೆ.

ತೋಟ ಅಡವಿಟ್ಟು ಮಗನನ್ನೋ ಮಗಳನ್ನೋ ಕಳಿಸಲು ಹೊರಟ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ: ವೈದ್ಯಕೀಯ ಪ್ರಮಾಣಪತ್ರ ಕೈಗೆ ಬರುವವರೆಗೆ ಪೂರ್ತಿ ಶುಲ್ಕ ಕಟ್ಟಬೇಡಿ. ಆಮೇಲೂ ಹಾರಾಟ ಮುಂದುವರಿದಂತೆ ಕಂತಿನಲ್ಲೇ ಕಟ್ಟಿ, ಪ್ರತಿ ಕಂತಿಗೂ ರಸೀದಿ ಪಡೆಯಿರಿ.