ಮಾಗಿಯ ಚಳಿಯಲ್ಲಿ ಮೈಮನಗಳ ಲವಲವಿಕೆ



ಮಾಗಿ ಬಂತೆಂದರೆ ಬೆಳಗ್ಗೆ ಕಂಬಳಿ ಬಿಟ್ಟೇಳಲು ಮನಸ್ಸಾಗದು. ಇದು ಬರಿಯ ಸೋಮಾರಿತನವಲ್ಲ. ಡಿಸೆಂಬರ್ 21-22ರ ಸುಮಾರಿಗೆ ನಮ್ಮ ಸೀಮೆಯಲ್ಲಿ ಹಗಲು, ಜೂನ್ ತಿಂಗಳಿಗಿಂತ ಒಂದೂವರೆ ಗಂಟೆಯಷ್ಟು ಕಡಿಮೆ. ನಮ್ಮ ನಿದ್ರೆ-ಎಚ್ಚರಗಳ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕೇ. ಆದುದರಿಂದ ಮಂಜು ಕರಗಿದೊಡನೆ ಅರ್ಧ ಗಂಟೆ ಎಳೆಬಿಸಿಲಿನಲ್ಲಿ ಓಡಾಡಿರಿ. ಮನೆಯ ಹಿರಿಯರನ್ನೂ ಜಗಲಿಗೆ ಕರೆತಂದು ಕೂರಿಸಿರಿ.

ಬಿಸಿ ರಾಗಿ ಅಂಬಲಿ, ಹೊಸ ಅವರೆಕಾಳಿನ ಸಾರು, ಎಳ್ಳು-ಬೆಲ್ಲ ಈ ಕಾಲಕ್ಕೆ ತಕ್ಕ ಆಹಾರ. ಚಳಿಗೆಂದು ಹೆಂಡ ಕುಡಿದರೆ ಮೈ ಬೆಚ್ಚಗಾದಂತೆ ತೋರುವುದು ಭ್ರಮೆ. ಒಳಗಿನ ಶಾಖ ಹೊರಗೆ ಹೋಗುತ್ತದೆ.

ಒಂದು ಎಚ್ಚರಿಕೆ: ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿರಿ. ಬಣ್ಣ, ವಾಸನೆಗಳಿಲ್ಲದ ವಿಷಾನಿಲವು ನಿದ್ರೆಯಲ್ಲಿಯೇ ಪ್ರಾಣ ತೆಗೆಯಬಹುದು.

ನೆರೆಯವರೊಬ್ಬರು ಎರಡು ವಾರ ಕಳೆದರೂ ಊಟ, ಕೆಲಸ, ಮಾತು ಯಾವುದೂ ಬೇಡವೆಂದು ಮೂಲೆ ಹಿಡಿದಿದ್ದರೆ, ಚಳಿಯೆಂದು ಸುಮ್ಮನಾಗಬೇಡಿರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ, ಇಲ್ಲವೇ 14416ಕ್ಕೆ ಕರೆ ಮಾಡಿರಿ; ಟೆಲಿ-ಮಾನಸ್ ಸೇವೆ ಉಚಿತ, ಹಗಲಿರುಳೂ ದೊರೆಯುತ್ತದೆ. ಮನಸ್ಸಿನ ಕಾಯಿಲೆಗೂ ಮದ್ದುಂಟು; ನಾಚಿಕೆ ಬೇಡ.