ಕರಾವಳಿಯ ಕೆಲಸದ ಕೋಣೆಗೆ ಬೇಕಾದ ಹದವಾದ ಬಿಸಿ

ಹಿಮ ಬೀಳುವ ದೇಶಗಳಲ್ಲಿ ಮನೆಯ ಕಾರು ಶೆಡ್ಡನ್ನೇ ಮರಗೆಲಸಕ್ಕೋ ಯಂತ್ರಗಳ ದುರಸ್ತಿಗೋ ಬಳಸುವವರು ಚಳಿಗಾಲದಲ್ಲಿ ಅದನ್ನು ಬೆಚ್ಚಗಿಡುವುದು ಮುಖ್ಯವಾಗಿ ಕೈ ಮರಗಟ್ಟದಿರಲೆಂದು. ಡಿಸೆಂಬರ್ ರಾತ್ರಿಗಳಲ್ಲಿಯೂ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಆ ಅಗತ್ಯವಿಲ್ಲ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ಈ ಪಟ್ಟಿಯಲ್ಲಿ ಕೆಲಸದ ಕೋಣೆಗೆ ಬಿಸಿ ಬೇಕಾಗುವುದು ಮಳೆಗಾಲದಲ್ಲಿ. ಅದೂ ಕೆಲಸಗಾರನ ಮೈಗಿಂತ ಹೆಚ್ಚಾಗಿ ಅವನ ಮರಕ್ಕೆ ಮತ್ತು ಉಳಿಗೆ.

ಮನೆಯೇ ಕಾರ್ಯಾಗಾರವಾಗಿರುವ ಬದುಕು ಈ ಊರುಗಳಿಗೆ ಹೊಸದಲ್ಲ. ಕುಮಟಾ, ಹೊನ್ನಾವರಗಳಲ್ಲಿಯೂ ಘಟ್ಟದ ಮೇಲಿನ ಶಿರಸಿ, ಸಾಗರ, ಸೊರಬಗಳಲ್ಲಿಯೂ ನೆಲೆಸಿರುವ ಗುಡಿಗಾರರು ಶ್ರೀಗಂಧದ ಕೆತ್ತನೆಗೂ ಬೆಂಡಿನ ಬಾಸಿಂಗಗಳಿಗೂ ಹೆಸರಾದವರು. ಕೂದಲೆಳೆಯಷ್ಟು ನವಿರಾದ ಬಳ್ಳಿಯನ್ನು ಗಂಧದ ಪೆಟ್ಟಿಗೆಯ ಮುಚ್ಚಳದ ಮೇಲೆ ಬಿಡಿಸುವಾಗ ಉಳಿಯ ಬಾಯಿಗೆ ತುಕ್ಕಿನ ಒಂದು ಚುಕ್ಕೆ ಹಿಡಿದಿದ್ದರೂ ಗೆರೆ ಹರಿಯುತ್ತದೆ. ತೇವ ಹೀರಿ ಉಬ್ಬಿದ ಮರದಲ್ಲಿ ಸರಿಯಾಗಿ ಕೂಡಿಸಿದ ಮುಚ್ಚಳ ಬೇಸಗೆಯಲ್ಲಿ ಸಡಿಲವಾಗುತ್ತದೆ. ಬೆಂಡಿಗೆ ಬೂಷ್ಟು ಹಿಡಿದರೆ ಅದರ ಬಿಳುಪೇ ಹೋಗುತ್ತದೆ.

ಇದಕ್ಕೆಲ್ಲ ಮೂಲವಾದದ್ದು ಸಾಪೇಕ್ಷ ಆರ್ದ್ರತೆ, ಅಂದರೆ ಒಂದು ಉಷ್ಣತೆಯಲ್ಲಿ ಗಾಳಿ ಹೊರಬಲ್ಲ ನೀರಾವಿಯ ಪೈಕಿ ಎಷ್ಟು ಪಾಲು ಅದರಲ್ಲಿ ಈಗಾಗಲೇ ಇದೆ ಎಂಬುದರ ಅಳತೆ. ಗಾಳಿ ಬಿಸಿಯಾದಷ್ಟೂ ಅದು ಹೊರಬಲ್ಲ ಆವಿಯ ಪ್ರಮಾಣ ಹೆಚ್ಚುವುದರಿಂದ, 25 ಡಿಗ್ರಿಯಲ್ಲಿ ಶೇಕಡಾ 90 ಆರ್ದ್ರತೆಯಿರುವ ಗಾಳಿಯನ್ನು ನೀರು ಸೇರಿಸದೆ 30 ಡಿಗ್ರಿಗೆ ಏರಿಸಿದರೆ ಆರ್ದ್ರತೆ ಸುಮಾರು ಶೇಕಡಾ 67ಕ್ಕೆ ಇಳಿಯುತ್ತದೆ. ಐದು ಡಿಗ್ರಿಯ ಈ ಸಣ್ಣ ಏರಿಕೆ ಕರಾವಳಿಯಲ್ಲಿ ವಿಶೇಷ ಬೆಲೆಯುಳ್ಳದ್ದು. ಕಡಲ ಗಾಳಿಯೊಡನೆ ಬಂದು ಉಕ್ಕಿನ ಮೇಲೆ ಕೂರುವ ಉಪ್ಪಿನ ಕಣ ಆರ್ದ್ರತೆ ಶೇಕಡಾ 75ನ್ನು ದಾಟಿದೊಡನೆ ತಾನೇ ನೀರು ಎಳೆದುಕೊಂಡು ಕರಗಿ ತುಕ್ಕಿಗೆ ಹಾದಿ ಮಾಡಿಕೊಡುತ್ತದೆ. ಅದರ ಕೆಳಗೆ ಇಳಿಸಿದರೆ ತುಕ್ಕಿನ ವೇಗ ತಗ್ಗುತ್ತದೆ. ಮರದ ಲೆಕ್ಕವೂ ಇದೇ ಬಗೆಯದು. ಶೇಕಡಾ 90ರ ಗಾಳಿಯಲ್ಲಿ ಬಹುಕಾಲವಿದ್ದ ಮರದ ತೇವಾಂಶ ಶೇಕಡಾ 20ರ ಸಮೀಪಕ್ಕೇರಿ ಶಿಲೀಂಧ್ರಗಳಿಗೆ ಎಡೆ ಕೊಡುತ್ತದೆ, 65ರ ಆಸುಪಾಸಿನಲ್ಲಿ ಅದು 12ರ ಬಳಿ ನಿಲ್ಲುತ್ತದೆ.

ಆದರೆ ಬಿಸಿ ಯಾವುದರಿಂದ ಬರುತ್ತದೆ ಎಂಬುದು ಅದರಷ್ಟೇ ಮುಖ್ಯ. ಹೊಗೆ ಹೊರಹೋಗುವ ದಾರಿಯಿಲ್ಲದ ಕೋಣೆಯಲ್ಲಿ ಅಡುಗೆ ಅನಿಲವನ್ನೋ ಸೀಮೆಎಣ್ಣೆಯನ್ನೋ ಉರಿಸಿದರೆ ಬಿಸಿಯ ಜೊತೆಗೆ ನೀರೂ ಹುಟ್ಟುತ್ತದೆ; ಒಂದು ಕಿಲೋ ಅನಿಲ ಉರಿದಾಗ ಸುಮಾರು ಒಂದೂವರೆ ಕಿಲೋ ನೀರಾವಿ ಗಾಳಿಗೆ ಸೇರುತ್ತದೆ. ಇದ್ದಿಲ ಕೆಂಡ ಇನ್ನೂ ಅಪಾಯಕಾರಿ, ಏಕೆಂದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು ಪ್ರಾಣವನ್ನೇ ತೆಗೆಯಬಲ್ಲದು. ಮರದ ಪುಡಿ, ಪಾಲಿಶ್, ಪೆಟ್ರೋಲುಗಳಿರುವ ಕಡೆ ಬೆಂಕಿಯ ಮಾತು ಬೇಡವೇ ಬೇಡ.

ಆದ್ದರಿಂದ ಕೋಣೆಯನ್ನೆಲ್ಲ ಕಾಯಿಸುವ ಬದಲು ತೇವವನ್ನು ತಡೆದು, ಚಿಕ್ಕ ಜಾಗವನ್ನು ಬೆಚ್ಚಗಿಡುವುದೇ ಜಾಣತನ. ಚಿರೇಕಲ್ಲು ನೀರು ಹೀರುವ ಕಲ್ಲಾದ್ದರಿಂದ ಮಳೆ ಬಡಿಯುವ ಗೋಡೆಗೆ ಗಾರೆ ಮಾಡಿಸಬೇಕು ಅಥವಾ ಹಿಂದಿನವರಂತೆ ಮಡಲಿನ ತಟ್ಟಿ ಕಟ್ಟಬೇಕು. ಹಲಗೆಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ, ನಡುವೆ ಪಟ್ಟಿಯಿಟ್ಟು ಅಟ್ಟದ ಮೇಲೆ ಜೋಡಿಸಬೇಕು. ಉಳಿ, ಕೀಸುಳಿ, ಗರಗಸಗಳನ್ನು ಬಾಗಿಲಿರುವ ಕಪಾಟಿನಲ್ಲಿಟ್ಟು, ಅದರ ತಳದಲ್ಲಿ ತಂತಿ ಬಲೆಯೊಳಗೆ 40 ವಾಟಿನ ಹಳೆಯ ಬಗೆಯ ತಂತಿ ಬಲ್ಬನ್ನು ಉರಿಸಿದರೆ, ದಿನಕ್ಕೆ ಸುಮಾರು ಒಂದು ಯೂನಿಟ್ ವಿದ್ಯುತ್ತಿನಲ್ಲಿ ಕಪಾಟು ಒಣಗಿರುತ್ತದೆ; ಅಷ್ಟು ಬಿಸಿ ಕೊಡದ ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಒದಗುವುದಿಲ್ಲ. ಗಾಳಿಯನ್ನು ತಂಪು ಸುರುಳಿಯ ಮೇಲೆ ಹಾಯಿಸಿ ಅದರ ನೀರನ್ನು ಇಳಿಸಿಕೊಳ್ಳುವ ತೇವ ತೆಗೆಯುವ ಯಂತ್ರವನ್ನು ಕೊಳ್ಳಬಲ್ಲವರು ಮೊದಲು ಹಂಚಿನ ಸಂದು, ಕಿಟಕಿಯ ಬಿರುಕುಗಳನ್ನು ಮುಚ್ಚಬೇಕು, ಇಲ್ಲದಿದ್ದರೆ ಹೊರಗಿನ ತೇವ ಒಳಗೆ ಬರುತ್ತಲೇ ಇರುತ್ತದೆ.

ಮಳೆ ಕಳೆದು ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಘಟ್ಟದ ಕಡೆಯ ಒಣ ಗಾಳಿ ಬೀಸುವಾಗ ನಿಯಮ ತಿರುಗುತ್ತದೆ. ಹಸಿ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ಸಾಗುವಾನಿ ನಡುತಿರುಳಿನಿಂದ ಹೊರಮುಖವಾಗಿ ಸುಮಾರು ಶೇಕಡಾ 2.5ರಷ್ಟು, ಬೆಳವಣಿಗೆಯ ಉಂಗುರದ ಗುಂಟ ಸುಮಾರು 5.8ರಷ್ಟು ಕುಗ್ಗುವುದರಿಂದ, ಈ ಅಸಮ ಕುಗ್ಗುವಿಕೆಯೇ ಹಲಗೆಯನ್ನು ಬಾಗಿಸಿ ಸೀಳುತ್ತದೆ. ಹಾಗಾಗಿ ಆಗ ಕೃತಕ ಬಿಸಿಯನ್ನು ನಿಲ್ಲಿಸಿ ಮರವನ್ನು ನೆರಳಿನಲ್ಲಿ ನಿಧಾನವಾಗಿ ಆರಲು ಬಿಡಬೇಕು. ಕೆಲವು ನೂರು ರೂಪಾಯಿಗಳಿಗೆ ಸಿಗುವ ಆರ್ದ್ರತಾ ಮಾಪಕವನ್ನು ಗೋಡೆಗೆ ತೂಗಿಹಾಕಿ, ಮುಳ್ಳು 75ನ್ನು ದಾಟಿದಾಗ ಕಪಾಟಿನ ಬಲ್ಬನ್ನು ಹಚ್ಚಿ, 60ಕ್ಕಿಂತ ಕೆಳಗಿಳಿದಾಗ ಆರಿಸುವ ಅಭ್ಯಾಸವನ್ನು ಮನೆಯವರು ರೂಢಿಸಿಕೊಂಡರೆ, ಆಷಾಢದಲ್ಲಿ ಕೆತ್ತಿದ ವಸ್ತು ಮಾಘದಲ್ಲಿಯೂ ಅದೇ ಅಳತೆಯಲ್ಲಿ ಉಳಿಯುತ್ತದೆ, ಮತ್ತು ಮನೆಯಲ್ಲಿಯೇ ಕುಳಿತು ಕೈಕಸುಬು ಮಾಡುವವರಿಗೆ ಮಳೆಯ ನಾಲ್ಕು ತಿಂಗಳೂ ದುಡಿಮೆಯ ತಿಂಗಳಾಗುತ್ತವೆ.