ಗಣಕಯಂತ್ರದಲ್ಲಿ ಚಿತ್ರದ ಸ್ವರೂಪ

ಹಳೆಯ ಗ್ರಂಥಗಳ ಪುಟಗಳನ್ನು ಗಣಕಯಂತ್ರದಲ್ಲಿ ಚಿತ್ರವಾಗಿ ಉಳಿಸುವ ಕಾರ್ಯ ಇಂದು ಅನೇಕ ಗ್ರಂಥಾಲಯಗಳಲ್ಲಿ ನಡೆಯುತ್ತಿದೆ. ಹಾಗೆ ಉಳಿಸಿದ ಮೇಲೆ ಮೂಲಪ್ರತಿಯ ಚಿಂತೆ ಬೇಡವೆಂಬ ಭಾವನೆಯೂ ಅಲ್ಲಲ್ಲಿ ಕೇಳಿಬರುವುದರಿಂದ, ಯಂತ್ರದೊಳಗೆ ಚಿತ್ರವು ಯಾವ ರೂಪದಲ್ಲಿರುತ್ತದೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ವಾಸ್ತವವಾಗಿ ಯಂತ್ರದಲ್ಲಿರುವುದು ಚಿತ್ರವಲ್ಲ, ಅಂಕಿಗಳ ಸಾಲು. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ರಸೆಲ್ ಕಿರ್ಷ್ ಮತ್ತು ಅವರ ಸಂಗಡಿಗರು, ಕಿರ್ಷ್ ಅವರ ಎಳೆಯ ಮಗನ ಭಾವಚಿತ್ರವೊಂದನ್ನು ಸೀಯಾಕ್ ಎಂಬ ಗಣಕಕ್ಕೆ ಓದಿಸಿದರು. ಐದು ಸೆಂಟಿಮೀಟರು ಚದರದ ಆ ಚಿತ್ರವನ್ನು ಅಡ್ಡಕ್ಕೆ 176, ಉದ್ದಕ್ಕೆ 176 ಮನೆಗಳಾಗಿ ವಿಭಾಗಿಸಿ, ಆ 30,976 ಮನೆಗಳಲ್ಲಿ ಪ್ರತಿಯೊಂದೂ ಗೊತ್ತುಮಾಡಿದ ಮಿತಿಗಿಂತ ಬೆಳಕಾದುದೋ ಕಪ್ಪಾದುದೋ ಎಂಬುದನ್ನಷ್ಟೆ ಒಂದು ಅಥವಾ ಸೊನ್ನೆಯಾಗಿ ಗುರುತಿಸಲಾಯಿತು. ಈ ಮನೆಗಳಿಗೇ ಇಂದು ಪಿಕ್ಸೆಲ್ ಎಂದು ಹೆಸರು. ನಡುವಣ ಛಾಯೆಗಳು ಬೇಕಾದಾಗ, ಮಿತಿಯನ್ನು ಬದಲಿಸಿ ಅದೇ ಚಿತ್ರವನ್ನು ಮರಳಿ ಓದಿಸಿ ಫಲಗಳನ್ನು ಕೂಡಿಸಿದರು. ಈಗ ಸಾಮಾನ್ಯವಾಗಿ ಒಂದು ಮನೆಗೆ ಎಂಟು ಬಿಟ್‌ಗಳನ್ನು ಕೊಟ್ಟು 256 ಛಾಯೆಗಳನ್ನು ಪಡೆಯುತ್ತೇವೆ. ಕೆಂಪು, ಹಸಿರು, ನೀಲಿಗಳಿಗೆ ಎಂಟೆಂಟು ಕೊಟ್ಟರೆ ಬಣ್ಣದ ಚಿತ್ರ.

ಇನ್ನು ಕನ್ನಡದ ಅಚ್ಚಿನ ಪುಟವನ್ನು ನೋಡೋಣ. ದಕಾರವನ್ನು ಧಕಾರವಾಗಿಸುವುದು ಅಡಿಯಲ್ಲಿನ ಒಂದು ಕಿರುಗೆರೆ. ಅದರ ಉದ್ದ ಅರ್ಧ ಮಿಲಿಮೀಟರೆಂದು ಇಟ್ಟುಕೊಂಡರೆ, ಅಂಗುಲಕ್ಕೆ 300 ಮನೆಗಳಂತೆ ಓದಿಸಿದಾಗ ಅದರ ಪಾಲಿಗೆ ಸುಮಾರು ಆರು ಮನೆಗಳು ದೊರೆಯುತ್ತವೆ. 75ರಂತೆ ಓದಿಸಿದಾಗ ಒಂದೂವರೆ. ಮಸಿಯೂ ಮಾಸಿದ್ದು, ಕಪ್ಪು ಬಿಳುಪು ಎರಡರಲ್ಲೇ ಉಳಿಸಿದುದಾದರೆ ಗೆರೆಯು ಮಿತಿಯ ಆಚೆಗೆ ಬಿದ್ದು ಕಾಗದದ ಬಿಳುಪಿನಲ್ಲಿ ಲೀನವಾಗುತ್ತದೆ. ಅಲ್ಲಿಗೆ ‘ಧನ’ವೆಲ್ಲ ‘ದನ’! ನಗೆಯಾಡಬಹುದು, ಆದರೆ ಇಂಥ ಪ್ರತಿಯನ್ನೇ ನಂಬಿದ ಸಂಪಾದಕನು ಇಲ್ಲದ ಪಾಠಾಂತರವೊಂದನ್ನು ಸೃಷ್ಟಿಸಿಬಿಡುತ್ತಾನೆ. ಅನಂತರ ಎಷ್ಟು ಹಿಗ್ಗಿಸಿದರೂ ಮನೆಗಳು ದೊಡ್ಡವಾಗುತ್ತವೆಯೇ ಹೊರತು ಗೆರೆ ಮರಳುವುದಿಲ್ಲ.

ಹೀಗಿದ್ದೂ ಎರಡೇ ಬಣ್ಣದ ಮೋಹವೇಕೆ? ಆರು ಅಂಗುಲ ಅಗಲ, ಒಂಬತ್ತು ಅಂಗುಲ ಉದ್ದದ ಪುಟಕ್ಕೆ 300ರ ಲೆಕ್ಕದಲ್ಲಿ 48,60,000 ಮನೆಗಳು. ಛಾಯಾಚಿತ್ರವಾಗಿ ಅಷ್ಟೇ ಬೈಟ್‌ಗಳು ಬೇಕು. ಕಪ್ಪುಬಿಳುಪಿಗೆ ಅದರ ಎಂಟನೆಯ ಒಂದು ಪಾಲು ಸಾಕು. ಮಿತವ್ಯಯಕ್ಕೆ ಜೆಪೆಗ್ ಎಂಬ ಸಂಕೋಚನಕ್ರಮವೂ ಉಂಟು. ಅದು ಚಿತ್ರವನ್ನು ಎಂಟೆಂಟು ಮನೆಗಳ ಚೌಕಗಳಾಗಿ ತೆಗೆದುಕೊಂಡು, ಕಣ್ಣಿಗೆ ಸುಲಭವಾಗಿ ಕಾಣದ ಸೂಕ್ಷ್ಮ ವ್ಯತ್ಯಾಸಗಳನ್ನು ಕೈಬಿಡುತ್ತದೆ. ಮುಖಚಿತ್ರಕ್ಕೆ ಇದರಿಂದ ಹೆಚ್ಚು ಬಾಧೆಯಿಲ್ಲ. ಅಕ್ಷರದ ಅಂಚಿಗೆ ಬಾಧೆಯುಂಟು.

ಆದುದರಿಂದ ಸಂರಕ್ಷಣೆಯ ಪ್ರತಿಯನ್ನು ಬೂದುಛಾಯೆ ಅಥವಾ ಬಣ್ಣದಲ್ಲಿ, ಏನನ್ನೂ ಕಳೆಯದ ಕ್ರಮದಲ್ಲಿಟ್ಟು, ವಾಚಕರಿಗೆ ಬೇಕಾದ ಕಿರಿಯ ಪ್ರತಿಯನ್ನು ಅದರಿಂದ ತೆಗೆಯುವುದು ಲೇಸೆಂದು ನಮ್ಮ ಅಭಿಪ್ರಾಯ. ಅಂಗುಲಕ್ಕೆ ಎಷ್ಟು ಮನೆ, ಮನೆಗೆ ಎಷ್ಟು ಬಿಟ್ ಎಂಬುದನ್ನು ಗ್ರಂಥಸೂಚಿಯಲ್ಲೇ ನಮೂದಿಸಬೇಕು. ಸಂಶಯ ಬಂದ ಕಡೆ ಮೂಲಪುಟವನ್ನೇ ತೆಗೆದು ನೋಡುವ ಅನುಕೂಲವೂ ಉಳಿದಿರಬೇಕು.